ಯಾರದೋ ಗಂಡ ಉಳಿಯುತ್ತಾನೆ

ನಮ್ಮ ಬೀದಿಯ ಬೇಕರಿಗೆ ಒಂದು ಬೋರ್ಡು ಇದ್ದದ್ದೇನೋ ನಿಜ. ಅದರ ಮೇಲಿನ ಅಕ್ಷರ ಯಾವ ಕಾಲಕ್ಕೋ ಮಾಸಿಹೋಗಿತ್ತು. ಬ್ರೆಡ್ಡಣ್ಣನ ಅಂಗಡಿ ಎಂದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತಿತ್ತು. ಅವನು ಹೋದ ಮೇಲೆ ಅದೇ ಅಂಗಡಿ ಬ್ರೆಡ್ಡಕ್ಕನ ಅಂಗಡಿಯಾಯಿತು. ಹಾಗೆ ಕರೆಯಬೇಕೆಂದು ಯಾರೂ ಕೂತು ತೀರ್ಮಾನ ಮಾಡಲಿಲ್ಲ. ಇಲ್ಲದ ಮನುಷ್ಯನ ಹೆಸರು ಹಿಡಿದು ಬನ್ನು ತರಲು ಹೋಗುವುದು ನಮಗ್ಯಾರಿಗೂ ಬಾಯಿಗೆ ಬರಲಿಲ್ಲ, ಅಷ್ಟೆ.

ಗಂಡ ಇದ್ದಾಗ ಬ್ರೆಡ್ಡಕ್ಕನ ದನಿ ಕೇಳಿದವರು ಕಡಿಮೆ. ಮಾತೆಲ್ಲ ಅವನ ಪಾಲು. ಅಂಗಡಿಯ ಹಿಂದಿನ ಕೋಣೆಯಲ್ಲಿ ಹಿಟ್ಟು ನಾದುವ ದೊಡ್ಡ ಮರದ ಮೇಜಿತ್ತು. ನಾದಿ ನಾದಿ ಅದರ ನಡುಭಾಗ ತಟ್ಟೆಯ ಹಾಗೆ ಸವೆದಿತ್ತು. ಕತ್ತಲು ಹರಿಯುವ ಮುಂಚೆಯೇ ಅವನು ಅಲ್ಲಿ ನಿಂತು, ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು, ಬಾಯಿಗೆ ಬಿಡುವು ಕೊಡದೆ ಮಾತಾಡುತ್ತಿದ್ದ. ಹಿಟ್ಟು ಉಬ್ಬಲು ತಡವಾದರೆ ಅದಕ್ಕೂ ಬುದ್ಧಿ ಹೇಳುತ್ತಿದ್ದ. "ಏಳಪ್ಪಾ, ಸೋಮಾರಿ! ಊರೆಲ್ಲ ಎದ್ದಾಯ್ತು, ನಿಂದಿನ್ನೂ ನಿದ್ದೆ." ಕೊಡೆ ಯಾವ ಬಣ್ಣದ್ದಿರಬೇಕು, ಮಂತ್ರಿಗಳಿಗೆ ಎಷ್ಟು ಗಂಟೆ ನಿದ್ದೆ ಸಾಕು, ಮದುವೆಯಾದ ಹೆಣ್ಣುಮಕ್ಕಳು ತವರಿಗೆ ವರ್ಷಕ್ಕೆಷ್ಟು ಸಲ ಬರಬೇಕು, ಎಲ್ಲಕ್ಕೂ ಅವನ ಹತ್ತಿರ ಒಂದು ಅಭಿಪ್ರಾಯ ರೆಡಿ ಇರುತ್ತಿತ್ತು. ಅವಳು ಹಿಟ್ಟಿನ ಉಂಡೆ ಕಟ್ಟಿ ಅಚ್ಚಿಗೆ ಇಡುತ್ತ "ಹೂಂ ರೀ", "ಆಯ್ತು ರೀ", "ಸಾಕು ರೀ, ಉಪ್ಪು ಹಾಕಿದ್ರಾ?" ಎನ್ನುವಳು. ಭಟ್ಟಿಯಿಂದ ತೆಗೆದ ಮೊದಲ ಬ್ರೆಡ್ಡನ್ನು ಅವನು ಬಿಸಿಬಿಸಿಯಾಗಿಯೇ ಮುರಿದು, ಕಂದಿದ ಅಂಚನ್ನು ಅವಳ ಬಾಯಿಗಿಡುತ್ತಿದ್ದ. ಅವಳ ಕೈಗೆ ಹಿಟ್ಟು ಮೆತ್ತಿರುತ್ತಿದ್ದುದರಿಂದ ಬೇರೆ ದಾರಿಯೂ ಇರಲಿಲ್ಲ. ಬೆಳಕು ಹರಿಯುತ್ತಲೇ ಅವನು ಟ್ರೇಗಳನ್ನು ಮೂರು ಚಕ್ರದ ಮೋಟಾರು ಗಾಡಿಗೆ ಹೇರಿಕೊಂಡು ಹೋಟೆಲು, ಆಸ್ಪತ್ರೆ, ಹಾಸ್ಟೆಲುಗಳಿಗೆ ಕೊಟ್ಟು ಬರುತ್ತಿದ್ದ.

ಹಾಗೆ ಹೋದ ಒಂದು ಬೆಳಿಗ್ಗೆ ಅವನು ವಾಪಸು ಬರಲಿಲ್ಲ.

ಊರಿನ ಆ ತುದಿಯ ದೊಡ್ಡ ಮನೆಯೊಂದಕ್ಕೆ ಕಳ್ಳತನಕ್ಕೆ ನುಗ್ಗಿದ್ದ ಒಬ್ಬ ಅಲ್ಲಿನ ಕಾವಲುಗಾರನನ್ನು ಚುಚ್ಚಿ ಕೊಂದು ಓಡಿಬಂದಿದ್ದ. ತಪ್ಪಿಸಿಕೊಳ್ಳಲು ಅವನಿಗೊಂದು ವಾಹನ ಬೇಕಿತ್ತು. ಎದುರಿಗೆ ಸಿಕ್ಕಿದ್ದು ಬ್ರೆಡ್ಡಿನ ಗಾಡಿ. ಕೀಲಿ ಕೇಳಿದ. ಬ್ರೆಡ್ಡಣ್ಣ ಕೊಡಲಿಲ್ಲ. ಮಾತಲ್ಲಿ ಸಮಾಧಾನ ಮಾಡಲು ನೋಡಿದನಂತೆ. ಅವನು ಅದೇ ಚಾಕುವಿನಿಂದ ಇವನನ್ನೂ ಚುಚ್ಚಿಬಿಟ್ಟ. ಹಾಲಿನವನೊಬ್ಬ ದೂರದಿಂದ ಕಂಡದ್ದನ್ನು ಆಮೇಲೆ ಕೋರ್ಟಿನಲ್ಲಿ ಹೇಳಿದ. ಕೊಲೆಗಾರ ಆ ಗಾಡಿಯನ್ನು ಮುಂದಿನ ತಿರುವಿನವರೆಗೂ ಓಡಿಸಲಾಗಲಿಲ್ಲ, ಸಿಕ್ಕಿಬಿದ್ದ. ಪೊಲೀಸರು ಗಾಡಿಯನ್ನು ತಂದು ನಿಲ್ಲಿಸಿದಾಗ ಟ್ರೇಗಳು ಒಂದರ ಮೇಲೊಂದು ಹಾಗೇ ಕೂತಿದ್ದವು. ಒಂದು ಬನ್ನೂ ಜಾಗ ಬಿಟ್ಟು ಕದಲಿರಲಿಲ್ಲ. ಬ್ರೆಡ್ಡಕ್ಕ ಆ ಟ್ರೇಗಳನ್ನೇ ನೋಡುತ್ತ, "ಇದನ್ನೀಗ ಏನು ಮಾಡ್ಲಿ?" ಎಂದು ಸಿಕ್ಕಸಿಕ್ಕವರನ್ನೆಲ್ಲ ಕೇಳಿದಳು.  ಕೊನೆಗೆ ಎದುರಂಗಡಿಯ ಬೀಗದವನು ಬಂದು, "ಒಳಗೆ ಹೋಗಕ್ಕ, ನಾನು ನೋಡ್ಕೋತೀನಿ" ಎಂದು ಗಾಡಿಯನ್ನು ಎಲ್ಲಿಗೋ ತೆಗೆದುಕೊಂಡು ಹೋದ.

ಬೀಗದವನ ಬಗ್ಗೆ ಹೇಳಲೇಬೇಕು. ಕೀಲಿ ಮಾಡುವುದು, ಬೀಗ ರಿಪೇರಿ, ಶಟರ್ ಸರಿಮಾಡುವುದು ಅವನ ಕಸುಬು. ಬ್ರೆಡ್ಡಣ್ಣನನ್ನು ಬಾಯಿತುಂಬ ಭಾವ ಎಂದು ಕರೆಯುತ್ತಿದ್ದ, ಇವಳನ್ನು ಅಕ್ಕ ಎನ್ನುತ್ತಿದ್ದ. ರಕ್ತಸಂಬಂಧ ಏನೂ ಇಲ್ಲ. ಆದರೆ ಆ ಸಾವಾದ ಮೇಲೆ ಒಡಹುಟ್ಟಿದವನೂ ಅವನಷ್ಟು ಮಾಡುತ್ತಿರಲಿಲ್ಲ. ತನ್ನ ಅಂಗಡಿ ತೆರೆಯುವ ಮುಂಚೆ ಅವಳ ಬ್ರೆಡ್ಡು ಹಂಚಿ ಬರುತ್ತಿದ್ದ. ಬ್ರೆಡ್ಡಕ್ಕನ ಮಗಳು ದೂರದಲ್ಲಿ ನರ್ಸಿಂಗ್ ಓದುತ್ತಿದ್ದಳು; ಅವಳು ರಜಕ್ಕೆ ಬಂದರೆ ಬಸ್‌ಸ್ಟ್ಯಾಂಡಿಗೆ ಹೋಗಿ ಕರೆದುಕೊಂಡು ಬರುವವನೂ ಅವನೇ. ಕೋರ್ಟಿಗೆ ಬ್ರೆಡ್ಡಕ್ಕನ ಜೊತೆ ಹೋಗಿ, ಗಂಟೆಗಟ್ಟಲೆ ಕಾದು, ಒಳಗೆ ನಡೆದದ್ದನ್ನೆಲ್ಲ ಸಂಜೆ ಬೀದಿಗೆ ಒಪ್ಪಿಸುತ್ತಿದ್ದ. ಆ ಕೊಲೆಗಾರನಿಗೆ ಗಲ್ಲೇ ಆಗಬೇಕು ಎಂದು ಮನೆಮನೆಗೆ ತಿರುಗಿ ಸಹಿ ಮಾಡಿಸಿದವನೂ ಅವನೇ. ಸಹಿ ಹಾಕದವರು ಬೀದಿಯಲ್ಲಿ ಯಾರೂ ಇರಲಿಲ್ಲ.

ಬ್ರೆಡ್ಡಕ್ಕನಿಗೆ ಮೊದಮೊದಲು ಆ ಕೊಲೆಗಾರನ ವಿಷಯವೇ ಬೇಕಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಗಂಡ. ಕೋರ್ಟು ಅವನೊಬ್ಬನನ್ನು ಬಿಟ್ಟು ಬೇರೆ ಏನನ್ನಾದರೂ ಕೊಡಬಲ್ಲದು ಎಂದು ಅವಳಿಗೆ ತಿಳಿದಿತ್ತು. ಆದರೆ ಒಂದು ದಿನ ಸರ್ಕಾರಿ ವಕೀಲರು ಕಾರಿಡಾರಿನ ಬೆಂಚಿನ ಮೇಲೆ ಅವಳ ಪಕ್ಕ ಕೂತು ಸಮಾಧಾನವಾಗಿ ಹೇಳಿದರು. "ನಿಮ್ಮ ಯಜಮಾನರ ಸಾವು ದಂಡ ಆಗೋಕೆ ಬಿಡಲ್ಲಮ್ಮ. ಇವನಿಗೆ ಗಲ್ಲಾದ್ರೆ, ನಾಳೆ ಚಾಕು ತೆಗೆಯೋ ಇನ್ನೊಬ್ಬ ಒಂದು ಕ್ಷಣ ನಿಂತು ಯೋಚನೆ ಮಾಡ್ತಾನೆ. ಆ ಒಂದು ಕ್ಷಣದಲ್ಲಿ ಯಾರದೋ ಗಂಡ ಉಳೀತಾನೆ."

ಆ ಮಾತು ಅವಳ ಎದೆಯಲ್ಲಿ ನಾಟಿಕೊಂಡಿತು. ಯಾರದೋ ಗಂಡ ಉಳೀತಾನೆ. ಅವತ್ತಿನಿಂದ ಅವಳೂ ಗಲ್ಲು ಬೇಕು ಎಂದಳು.

ಮಗಳು ಮಾತ್ರ ರಜಕ್ಕೆ ಬಂದಾಗ ಮುಖ ಸಪ್ಪಗೆ ಮಾಡಿಕೊಂಡು ಹೇಳಿದಳು. "ಅಮ್ಮಾ, ನಂಗೆ ಅವನ ಮುಖ ಮರೆತುಹೋದ್ರೆ ಸಾಕಾಗಿದೆ. ಗಲ್ಲು ಅಂದ್ರೆ ಆ ಅಪೀಲು, ಈ ಅರ್ಜಿ ಅಂತ ವರ್ಷಗಟ್ಟಲೆ ಎಳೀತಾರೆ. ಪ್ರತಿ ಸಲ ಪೇಪರಲ್ಲಿ ಅವನ ಫೋಟೋ ದೊಡ್ಡದಾಗಿ, ಅಪ್ಪಂದು ಅಂಚೆಚೀಟಿಯಷ್ಟು."

"ಅಪ್ಪನ ಸಾವಿಂದ ಒಂದು ಜೀವ ಉಳಿದ್ರೆ ಬೇಡ ಅಂತೀಯಾ?"

"ಉಳಿಯುತ್ತೆ ಅಂತ ಯಾರು ಹೇಳಿದ್ದು?"

"ವಕೀಲರು."

 ಮಗಳು ಹೇಳಿದಂತೆಯೇ ಆಯಿತು. ಕೇಸು ವರ್ಷಗಟ್ಟಲೆ ಎಳೆಯಿತು. ಅಷ್ಟರಲ್ಲಿ ಅವಳ ಓದು ಮುಗಿದು, ಬೇರೆ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ, ಅಲ್ಲೇ ಒಬ್ಬ ಎಕ್ಸ್‌ರೇ ತೆಗೆಯುವವನನ್ನು ಮದುವೆಯೂ ಆದಳು. ಮದುವೆಯ ದಿನ ಬ್ರೆಡ್ಡಕ್ಕ ಎಲ್ಲರ ಎದುರು ನಗುನಗುತ್ತಲೇ ಓಡಾಡಿದಳು. ಊಟದ ಹೊತ್ತಿಗೆ ಮಾತ್ರ, ಪಕ್ಕದ ಕುರ್ಚಿಯ ಕಡೆ ತಿರುಗಿ "ರೀ, ನೀರು ಬೇಕಾ?" ಎಂದುಬಿಟ್ಟಳು. ಅಲ್ಲಿ ಕೂತಿದ್ದ ಬೀಗದವನು ಅರ್ಥ ಮಾಡಿಕೊಂಡು, ಏನೂ ಆಗದವನಂತೆ "ಬೇಕಕ್ಕ, ಕೊಡು" ಎಂದು ಲೋಟ ಮುಂದೆ ಹಿಡಿದ. ಬೇರೆ ಎಲ್ಲ ಮಾತುಗಳನ್ನೂ ಯಾರ ಜೊತೆಗಾದರೂ ಆಡಬಹುದಿತ್ತು. ಆ ಒಂದು "ರೀ" ಮಾತ್ರ ಆಡುವ ಜಾಗ ಇಲ್ಲದೆ ಅವಳ ನಾಲಿಗೆಯ ಮೇಲೆ ಹಾಗೇ ಉಳಿದುಬಿಟ್ಟಿತ್ತು.

ಕೊನೆಗೊಂದು ದಿನ ಬೆಳಗಿನ ವಾರ್ತೆಯಲ್ಲಿ ಬಂತು, ಗಲ್ಲಾಯಿತು ಎಂದು. ಬೀದಿಗೆ ಬೀದಿಯೇ ಬೇಕರಿಯ ಮುಂದೆ ನೆರೆಯಿತು. ಬೀಗದವನು ಒಳಗೆ ಬಂದು ಅವತ್ತಿನ ಬನ್ನುಗಳನ್ನೆಲ್ಲ ತಾನೇ ಕೊಂಡು, ಬಂದವರಿಗೆಲ್ಲ ಹಂಚಿದ. ಕಣ್ಣು ಕೆಂಪಾಗಿತ್ತು. "ತಿನ್ನಿ, ತಿನ್ನಿ! ಭಾವನ ಆತ್ಮಕ್ಕೆ ಇವತ್ತು ತಂಪಾಯ್ತು. ಇನ್ಮೇಲೆ ಈ ಊರಲ್ಲಿ ಯಾರಾದ್ರೂ ಕೈ ಎತ್ತಲಿ ನೋಡೋಣ, ಕೈ ಎತ್ತೋ ಮುಂಚೆ ಕುತ್ತಿಗೆ ಮುಟ್ಟಿ ನೋಡ್ಕೋತಾರೆ!" ಜನ ಚಪ್ಪಾಳೆ ತಟ್ಟಿದರು. ಟೀವಿಯವರು ಬಂದು ಹೇಗನಿಸುತ್ತಿದೆ ಎಂದು ಕೇಳಿದಾಗ ಬ್ರೆಡ್ಡಕ್ಕ, "ಹಿಟ್ಟು ಕಲಸಿಟ್ಟು ಬಂದಿದೀನಿ, ಹುಳಿಯಾಗುತ್ತೆ" ಎಂದು ಒಳಗೆ ಹೋದಳು. ಒಳಗೆ ಎಷ್ಟೋ ಹೊತ್ತು ನಾದಿದಳು. ಮೈಯಿಂದ ಏನೋ ಇಳಿದುಹೋಗುತ್ತದೆ ಎಂದು ಇಷ್ಟು ವರ್ಷ ಕಾದಿದ್ದಳು. ಏನೂ ಇಳಿಯಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಭಟ್ಟಿಯ ಮುಂದೆ ಹಿಂದಿನ ದಿನದಷ್ಟೇ ಗಂಡ ಇರಲಿಲ್ಲ.

ಆದರೆ ಆಮೇಲಿನ ದಿನಗಳಲ್ಲಿ ಅವಳಿಗೊಂದು ಹೊಸ ಸಮಾಧಾನ ಹುಟ್ಟಿತು. ವಕೀಲರು ಹೇಳಿದ್ದ ಆ ಗಂಡಸು, ತನ್ನ ಗಂಡನ ದೆಸೆಯಿಂದ ಉಳಿದುಕೊಂಡವನು, ಎಲ್ಲೋ ಇದ್ದಾನೆ ಎಂದು ಅವಳು ನಂಬತೊಡಗಿದಳು. ತಾನು ಉಳಿದದ್ದು ಅವನಿಗೇ ಗೊತ್ತಿರುವುದಿಲ್ಲ. ಸಂಜೆ ಮನೆಗೆ ಹೋಗುತ್ತ ಬ್ರೆಡ್ಡು ಕೊಳ್ಳಲು ನಿಲ್ಲುವ ಗಂಡಸರ ಮುಖಗಳನ್ನು ಅವಳು ಒಂದೊಂದಾಗಿ ನೋಡುತ್ತಿದ್ದಳು. ಇವನಿರಬಹುದೇ? ಅವನಿರಬಹುದೇ? ನನ್ನ ಹತ್ತಿರ ಒಮ್ಮೆ ಅವಳೇ ಹೇಳಿದ್ದು: "ಒಂದು ಸಲ ಅವರನ್ನ ನೋಡ್ಬೇಕು ಅನ್ಸುತ್ತೆ. ಮಾತೇನೂ ಆಡಲ್ಲ. ಹೆಂಡತಿ ಕರೆದ್ರೆ ಓ ಅಂತಾರಲ್ಲ, ಅದೊಂದು ಕೇಳಿದ್ರೆ ಸಾಕು."

ಇದರ ನಡುವೆ ನಮ್ಮ ಬೀದಿಯ ಟ್ಯಾಕ್ಸಿಯವನು ಒಂದು ದಿನ ಚಹಾಕ್ಕೆ ಬನ್ನು ಅದ್ದುತ್ತ ಒಂದು ಕಥೆ ಹೇಳಿದ. ಸ್ಟ್ಯಾಂಡಿನಲ್ಲಿ ಸರತಿ ತಪ್ಪಿಸಿದ ಇನ್ನೊಬ್ಬ ಟ್ಯಾಕ್ಸಿಯವನ ಜೊತೆ ಜಗಳ ಹತ್ತಿ, ಇವನ ಕೈಗೆ ಸ್ಪ್ಯಾನರ್ ಬಂದಿತ್ತಂತೆ. "ನಿಜವಾಗ್ಲೂ ಹೇಳ್ತೀನಕ್ಕ, ತಲೆ ಒಡೆದೇಬಿಡ್ತಿದ್ದೆ. ಅಷ್ಟರಲ್ಲಿ ಆ ಗಲ್ಲಿನ ಸುದ್ದಿ ಕಣ್ಮುಂದೆ ಬಂತು ನೋಡು. ಕೈ ತಾನಾಗೇ ಕೆಳಗಿಳೀತು."

ಬ್ರೆಡ್ಡಕ್ಕ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಈಚೆ ಬಂದಳು. "ಆ ಇನ್ನೊಬ್ಬರಿಗೆ ಮದುವೆ ಆಗಿದೆಯಾ?"

"ಆಗದೆ ಏನು? ಎರಡು ಹೆಣ್ಣುಮಕ್ಕಳು ಬೇರೆ."

ಅವಳು ಒಂದು ದೊಡ್ಡ ಕಾಗದದ ಚೀಲದ ತುಂಬ ಬನ್ನು ತುಂಬಿಸಿ ಅವನ ಕೈಗಿಟ್ಟಳು. "ಅವರಿಗೆ ಕೊಡು. ಅಕ್ಕ ಕೊಟ್ರು ಅನ್ನು."

"ಅವನಿಗಾ?" ಟ್ಯಾಕ್ಸಿಯವನು ಚೀಲವನ್ನು ಹಾವು ಹಿಡಿದವನಂತೆ ದೂರ ಹಿಡಿದ. "ಕೊಲ್ಲಲಿಲ್ಲ ಅಂದೆನೇ ಹೊರತು ರಾಜಿ ಆದೆ ಅಂದ್ನಾ? ಆ ಹಡಬೆ ನನ್ನಮಗನ ಮುಖ ನೋಡಲ್ಲ ನಾನು!"

ಬ್ರೆಡ್ಡಕ್ಕ ಗಂಡ ಸತ್ತ ಮೇಲೆ ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅವತ್ತು. ಕೆಲವು ತಿಂಗಳು ಅವಳು ನಿಜವಾಗಿಯೂ ಹಗುರಾಗಿ ಓಡಾಡಿದಳು.

ಬೀಗದವನ ಮನೆ ಅವನ ಅಂಗಡಿಯ ಮೇಲೆಯೇ. ಅವನಿಗೂ ಹೆಂಡತಿಗೂ ಆಗಾಗ ಕಿರಿಕಿರಿ ಇತ್ತು. ಅವನು ಕೈ ಮಾಡುವವನಲ್ಲ, ಆದರೆ ಸಿಟ್ಟು ಬಂದರೆ ಕಣ್ಣು ಕಾಣುತ್ತಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ಗೋಡೆಗೆ ಎಸೆಯುತ್ತಿದ್ದ. ಆ ಸಲ ಜಗಳ ಜೋರಾಗಿ, ಹೆಂಡತಿ ತನ್ನ ಅಣ್ಣನಿಗೆ ಫೋನು ಮಾಡಿದಳು. ಅಣ್ಣ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ವಯಸ್ಸಾದ ತಾಯಿಯ ಜೊತೆ ಎರಡು ಬೀದಿ ಆಚೆ ಇದ್ದ. ಮೆತ್ತಗಿನ ಮನುಷ್ಯ, ವಾರಕ್ಕೊಮ್ಮೆ ಬೇಕರಿಗೆ ಬಂದು, ರಸ್ಕು ಕೊಂಡು, ಎರಡು ಮಾತಾಡಿ ಹೋಗುತ್ತಿದ್ದ. ಅವನು ಸಂಜೆ ಬಂದು ತಂಗಿಯ ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು, "ನಾಲ್ಕು ದಿನ ಅಮ್ಮನ ಹತ್ರ ಇರ್ತಾಳೆ, ನಿಮ್ಮ ಸಿಟ್ಟೂ ಇಳೀಲಿ" ಎಂದ. ಬೀಗದವನು ಅಡ್ಡ ನಿಂತ. ಮಾತಿಗೆ ಮಾತು ಬೆಳೆಯಿತು. "ಹೆಂಡತೀನ ಇಟ್ಕೊಳೋಕೆ ಬರದವನು" ಎಂದೋ ಏನೋ ಅಣ್ಣ ಅಂದನಂತೆ. ಶಟರ್ ಎತ್ತುವ ಕಬ್ಬಿಣದ ರಾಡು ಗೋಡೆಗೆ ಒರಗಿಸಿ ನಿಲ್ಲಿಸಿತ್ತು.

ಕೂಗು ಕೇಳಿ ಬ್ರೆಡ್ಡಕ್ಕ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಮೆಕ್ಯಾನಿಕ್ ಅಂಗಡಿಯ ಮೆಟ್ಟಿಲ ಮೇಲೆ ಬಿದ್ದಿದ್ದ. ತಂಗಿಯ ಚೀಲ ಇನ್ನೂ ಹೆಗಲಲ್ಲೇ ಇತ್ತು. ಅವಳು ನೆಲಕ್ಕೆ ಕೂತು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬೀಗದವನು ರಾಡು ಕೆಳಗೆ ಹಾಕಿ, ಮಗುವಿನ ಹಾಗೆ ಅವಳ ಮುಖವನ್ನೇ ನೋಡುತ್ತ ನಿಂತಿದ್ದ. "ಅಕ್ಕಾ, ಏಳ್ಸು ಅವನನ್ನ. ಅಕ್ಕಾ, ಏಳು ಅಂತ ಹೇಳು."

ಅವನು ಏಳಲಿಲ್ಲ. ಆಸ್ಪತ್ರೆ ತಲುಪುವ ಮುಂಚೆಯೇ ಉಸಿರು ನಿಂತಿತು.

 ಹಿಂದೆ ನಮ್ಮ ಬಾಯಲ್ಲಿ ಗಲ್ಲು ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಈಗ ಎಲ್ಲರೂ, "ಪಾಪ, ಏನೋ ಕೆಟ್ಟ ಗಳಿಗೆ" ಎನ್ನತೊಡಗಿದರು. ಇವನು ನಮ್ಮವನು, ನಮ್ಮೆಲ್ಲರ ಮನೆಯ ಬೀಗಗಳಿಗೆ ಎಣ್ಣೆ ಹಾಕಿದವನು. ಬ್ರೆಡ್ಡಣ್ಣನನ್ನು ಕೊಂದವನ ಮನೆಯ ಬೀದಿಯಲ್ಲೂ ಜನ ಹೀಗೆಯೇ ಪಾಪ ಅಂದಿದ್ದರೋ ಏನೋ, ನಾವು ಯಾರೂ ಹೋಗಿ ಕೇಳಿದವರಲ್ಲ.

ಹದಿನೈದಿಪ್ಪತ್ತು ದಿನ ಕಳೆದ ಮೇಲೆ ಮೆಕ್ಯಾನಿಕ್‌ನ ತಾಯಿ ಬೇಕರಿಗೆ ಬಂದಳು. ನಡೆದು ಬಂದ ಆಯಾಸಕ್ಕೆ ಬಾಗಿಲ ಚೌಕಟ್ಟು ಹಿಡಿದು ನಿಂತು, ಉಸಿರು ತಿರುಗಿಸಿಕೊಂಡು ಹೇಳಿದಳು.

"ನಿನ್ನ ಗಂಡನಿಗೋಸ್ಕರ ಇಡೀ ಬೀದಿ ಸಹಿ ಹಾಕ್ತು. ನನ್ನ ಮಗನಿಗೆ ಯಾರೂ ಇಲ್ಲ. ನೀನು ಬಾ. ನೀನು ಕೇಳಿದ್ರೆ ಕೊಡ್ತಾರೆ, ಒಂದು ಸಲ ಕೊಟ್ಟಿದಾರೆ."

"ಅಮ್ಮಾ, ಅವನು ನಿಮ್ಮ ಅಳಿಯ."

"ಅಳಿಯ ಅಂತ ಬಿಡಬೇಕಾ? ನಿನ್ನ ಗಂಡನ್ನ ಕೊಂದವನೂ ಯಾರಿಗೋ ಅಳಿಯನೇ ಆಗಿದ್ನಲ್ಲ. ಆವಾಗ ಬಿಟ್ಯಾ?"

 ಮುದುಕಿ ಹೋದ ಮರುದಿನ ಅವಳ ಮಗಳು, ಬೀಗದವನ ಹೆಂಡತಿ, ಬಂದಳು. ಅಣ್ಣನನ್ನು ಕಳೆದುಕೊಂಡವಳೂ ಅವಳೇ, ಗಂಡನನ್ನು ಕಳೆದುಕೊಳ್ಳಲಿರುವವಳೂ ಅವಳೇ. ಅಳು ಬತ್ತಿಹೋದ ಮುಖ. "ಅತ್ತಿಗೆ, ನಾನು ಅವರನ್ನ ಕ್ಷಮಿಸಲ್ಲ. ಜೀವ ಇರೋವರೆಗೂ ಕ್ಷಮಿಸಲ್ಲ. ಆದ್ರೆ ಇನ್ನೊಂದು ಹೆಣ ನೋಡೋ ಶಕ್ತಿ ನಂಗಿಲ್ಲ. ಅಮ್ಮನಿಗೆ ಒಂದು ಮಾತು ಹೇಳಿ. ನಾನು ಹೇಳಿದ್ರೆ ಮುಖ ತಿರುಗಿಸ್ತಾಳೆ, ಫೋನ್ ಮಾಡಿದಳು ಅಂತ ನನ್ನೇ ಕೊಲೆಗಾತಿ ಅಂತಾಳೆ."

ಬ್ರೆಡ್ಡಕ್ಕ ಇಬ್ಬರಿಗೂ ಏನೂ ಮಾತು ಕೊಡಲಿಲ್ಲ. ಮೊದಲು ಟ್ಯಾಕ್ಸಿಯವನನ್ನು ಕರೆದು ಕೂರಿಸಿ ಕೇಳಿದಳು. "ಆವತ್ತು ಸ್ಪ್ಯಾನರ್ ಕೆಳಗಿಟ್ಟೆ ಅಂದ್ಯಲ್ಲ, ಅದು ಸತ್ಯಾನಾ?"

ಅವನು ತಲೆ ಕೆರೆದುಕೊಂಡ. "ಗಲ್ಲು ನೆನಪಾಗಿದ್ದು ದೇವರಾಣೆ ಸತ್ಯ. ಸೊಂಟಾನ ಇಬ್ಬರು ಗಟ್ಟಿಯಾಗಿ ಹಿಡ್ಕೊಂಡಿದ್ರು ಅನ್ನೋದೂ ಸತ್ಯ. ಯಾವುದರಿಂದ ನಿಂತೆ ಅಂತ ನಂಗೇ ಗೊತ್ತಿಲ್ಲಕ್ಕ. ಆವತ್ತು ಕಥೆ ಹೇಳುವಾಗ ಆ ಇಬ್ಬರನ್ನ ಬಿಟ್ಟುಬಿಟ್ಟೆ."

ಆಮೇಲೆ ಅವಳು ಜೈಲಿಗೆ ಹೋದಳು. ಭೇಟಿಯ ಕೋಣೆಯಲ್ಲಿ ಉದ್ದಕ್ಕೂ ಕಂಬಿಯ ಜಾಲರಿ. ಆ ಕಡೆ ಒಂದು ಸಾಲು, ಈ ಕಡೆ ಒಂದು ಸಾಲು, ಎಲ್ಲರೂ ಒಟ್ಟಿಗೆ ಕೂಗಿ ಮಾತಾಡುವ ಗದ್ದಲ. ಬೀಗದವನು ಸೊರಗಿ ಅರ್ಧವಾಗಿದ್ದ. ಅವಳನ್ನು ಕಂಡ ತಕ್ಷಣ ಅವನು ಕೇಳಿದ ಮೊದಲ ಮಾತು, "ಬ್ರೆಡ್ಡು ಯಾರು ಹಾಕಿ ಬರ್ತಿದಾರಕ್ಕ?"

"ಯಾರೋ ಬರ್ತಾರೆ. ಅದಿರಲಿ. ನಿನ್ನ ಒಂದು ಮಾತು ಕೇಳಬೇಕು. ಸಿಟ್ಟು ಮಾಡ್ಕೊಂಡು ಕೇಳ್ತಿಲ್ಲ, ತಿಳ್ಕೊಳೋಕೆ ಕೇಳ್ತಿದೀನಿ. ಆ ರಾಡು ಎತ್ತುವಾಗ ನಿಂಗೆ ನೆನಪಾಗ್ಲಿಲ್ವಾ? ನನ್ನ ಅಂಗಡಿ ಮುಂದೆ ನಿಂತು ಬನ್ನು ಹಂಚಿದೋನು ನೀನು. ಯಾರೂ ಕೈ ಎತ್ತಲ್ಲ ಅಂದೋನು ನೀನು. ಊರಲ್ಲಿ ಎಲ್ಲರೂ ಮರೆತ್ರೂ ನೀನು ಮರೆಯೋ ಹಾಗಿರಲಿಲ್ಲ."

ಅವನು ಜಾಲರಿಗೆ ಹಣೆ ಹಚ್ಚಿದ. ಪಕ್ಕದಲ್ಲಿ ಯಾರೋ ಮಗುವಿನ ಸ್ಕೂಲಿನ ಸುದ್ದಿಯನ್ನು ಕೂಗಿ ಹೇಳುತ್ತಿದ್ದರು.

"ಗಲ್ಲು ಅನ್ನೋದು ಕೊಲೆಗಾರರಿಗೆ ಅಂತ ಅಲ್ವೇನಕ್ಕ ಮಾಡಿರೋದು" ಎಂದ ಕೊನೆಗೆ. "ನಾನು ಕೊಲೆಗಾರ ಅಂತ ನಂಗೆ ಯಾವಾಗ ಗೊತ್ತಿತ್ತು? ರಾಡು ಎತ್ತುವಾಗ ನಾನು ಬೀಗದವನೇ. ಇಳಿಸಿದ ಮೇಲೆ ಗೊತ್ತಾಯ್ತು. ಆವಾಗ ನೆನಪಾಯ್ತು, ಎಲ್ಲ ನೆನಪಾಯ್ತು. ಭಾವನೂ ನೆನಪಾದ್ರು."

ಅವಳು ಜಾಲರಿಯ ಸಂದಿಯಲ್ಲಿ ಬೆರಳು ತೂರಿಸಲು ನೋಡಿದಳು. ಸಂದಿ ಸಣ್ಣದು, ಹೋಗಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ಒಂದು ವಿಷಯ ಹುಡುಕಿದಳು. ಗಂಡ ಗಲ್ಲಿನ ಬಗ್ಗೆ ಏನಂದಿದ್ದ? ಅಷ್ಟು ವರ್ಷದ ಸಂಸಾರ, ಅಷ್ಟೊಂದು ಮಾತು. ಒಂದು ಸಲವಾದರೂ ಪೇಪರು ಓದುತ್ತ ಏನಾದರೂ ಅಂದಿರಲೇಬೇಕು. ನೆನಪಿಗೆ ಬಂದದ್ದೆಲ್ಲ ಉಪ್ಪಿನ ಮಾತು, ಕೊಡೆಯ ಮಾತು, ಮಂತ್ರಿಗಳ ನಿದ್ದೆಯ ಮಾತು. ಇದೊಂದಕ್ಕೆ ಅವನ ಅಭಿಪ್ರಾಯ ಏನು ಎಂದು ಅವಳು ಕೇಳಿಯೇ ಇರಲಿಲ್ಲ. ಅವನ ಹೆಸರಿನಲ್ಲಿ ಅಷ್ಟೆಲ್ಲ ಮಾಡಿದ್ದರು. ಅವನನ್ನೊಂದು ಮಾತು ಕೇಳಲು ಆಗಿರಲಿಲ್ಲ. ಇಡೀ ಜೀವಮಾನ ಅವನ ಮಾತು ಕೇಳಿ ಸಾಕಾಗಿದ್ದವಳಿಗೆ ಈಗ ಅವನ ಇನ್ನೊಂದೇ ಒಂದು ಮಾತಿಗೆ ಎಷ್ಟು ಆಸೆಯಾಯಿತೆಂದರೆ, ಎದುರು ಸೀಟಿನ ಹಿಡಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕಾಯಿತು.

ವಿಚಾರಣೆ ಶುರುವಾಯಿತು. ಮೊದಲು ಓಡಿಬಂದವಳು ಅವಳೇ ಆದ್ದರಿಂದ ಸಾಕ್ಷಿಯೂ ಅವಳೇ. ಸರ್ಕಾರಿ ವಕೀಲರೂ ಅದೇ ಹಳೆಯವರು, ಕೂದಲು ಇನ್ನಷ್ಟು ಬಿಳಿಯಾಗಿತ್ತು. ಸಾಕ್ಷಿ ಮುಗಿಸಿ ಹೊರಗೆ ಬಂದಾಗ ಅವಳು ಅವರನ್ನು ತಡೆದು ನಿಲ್ಲಿಸಿದಳು.

"ಸಾರ್, ಆವತ್ತು ಯಾರದೋ ಗಂಡ ಉಳೀತಾನೆ ಅಂದ್ರಲ್ಲ. ಉಳಿದ್ನಾ?"

ಅವರು ನೆನಪಿಲ್ಲ ಎನ್ನಬಹುದಿತ್ತು, ಎನ್ನಲಿಲ್ಲ. ಫೈಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೇಳಿದರು. "ಗೊತ್ತಿಲ್ಲಮ್ಮ. ಉಳಿದವರು ಬಂದು ನಾನು ಉಳಿದೆ ಅಂತ ಹೇಳಲ್ಲ. ಸತ್ತವರದ್ದು ಮಾತ್ರ ನಮಗೆ ಕಾಣುತ್ತೆ. ಗಲ್ಲು ಇರೋ ಕಡೆ ಕೊಲೆ ಕಡಿಮೆ ಆಯ್ತು ಅಂತ ಒಬ್ಬರು ಬರೀತಾರೆ, ಇಲ್ಲ ಅಂತ ಹತ್ತು ಜನ ಬರೀತಾರೆ. ಆವತ್ತು ನಾನು ಸುಳ್ಳು ಹೇಳಲಿಲ್ಲ, ನಂಬಿ ಹೇಳಿದೆ. ಈಗ ಅಷ್ಟು ಧೈರ್ಯವಾಗಿ ಹೇಳಲಾರೆ."

"ಹಂಗಾದ್ರೆ ನಾನಿನ್ನು ಅವರನ್ನ ಹುಡುಕೋದು ಬೇಡ ಅನ್ನಿ" ಎಂದಳು. ಯಾರನ್ನು ಎಂದು ವಕೀಲರಿಗೆ ಅರ್ಥವಾಗಲಿಲ್ಲ. ಕೋರ್ಟಿನ ಮೆಟ್ಟಿಲಿಳಿದು ಬಂದಾಗ ಅವಳ ಮುಖ ನೋಡಿ, ಅವತ್ತು ಜೊತೆಗೆ ಹೋಗಿದ್ದ ನನಗೆ, ಈಕೆಗೆ ಎರಡನೇ ಸಲ ಯಾರೋ ತೀರಿಕೊಂಡಿದ್ದಾರೆ ಅನ್ನಿಸಿತು.

ಆ ವಾರವೇ ಅವಳು ಮುದುಕಿಯ ಮನೆಗೆ ಹೋದಳು. ಎರಡು ಕೋಣೆಯ ಮನೆ. ಮೊಳೆಯಲ್ಲಿ ಮಗನ ಡಿಪೋ ಶರ್ಟು ನೇತಾಡುತ್ತಿತ್ತು, ಗ್ರೀಸಿನ ಕಲೆ ಸಮೇತ.

"ಸಹಿ ಹಾಕೋಕೆ ಬಂದ್ಯಾ?"

"ಇಲ್ಲಮ್ಮ. ಹಾಕಲ್ಲ ಅಂತ ನಿಮ್ಮೆದುರಿಗೇ ಹೇಳಿ ಹೋಗೋಣ ಅಂತ ಬಂದೆ. ಒಂದು ಸಲ ಕೇಳ್ದೆ, ಕೊಟ್ರು. ಅದರಿಂದ ನಿಮ್ಮ ಮಗ ಉಳೀಬೇಕಿತ್ತು. ಉಳೀಲಿಲ್ಲ."

"ಇವನನ್ನ ಬಿಟ್ರೆ ನಾಳೆ ಇನ್ನೊಬ್ಬ ಎತ್ತಲ್ವಾ ರಾಡು?"

"ಎತ್ತಬಹುದು. ಎತ್ತಲ್ಲ ಅಂತ ಹೇಳೋಕೆ ನಂಗೆ ಬಾಯಿಲ್ಲ."

ಮುದುಕಿ ಗೋಡೆ ಕಡೆ ತಿರುಗಿ ಕೂತಳು. "ನಿಂಗೆ ಸಿಕ್ಕಿದ್ದು ನಂಗೆ ಬೇಡ ಅಂತ ಹೇಳೋಕೆ ಬಂದೋಳು ನೀನು. ಎದ್ದು ಹೋಗು." ಬ್ರೆಡ್ಡಕ್ಕ ಎದ್ದು ಬಂದಳು. ಆ ಮಾತಿನಲ್ಲಿ ತಪ್ಪೇನೂ ಇಲ್ಲ ಎಂದು ಅವಳೇ ನಮ್ಮೆದುರು ಹೇಳಿದ್ದಳು.

ಬೀಗದವನಿಗೆ ಜೀವಾವಧಿ ಆಯಿತು. ಅವನ ಹೆಂಡತಿ ಅಂಗಡಿ ಖಾಲಿ ಮಾಡಿ, ಬೇರೊಂದು ಊರಿನ ಬಟ್ಟೆ ಕಾರ್ಖಾನೆಯಲ್ಲಿ ಕೆಲಸ ಹಿಡಿದು ಹೊರಟುಹೋದಳು. ಹೋಗುವಾಗ ತಾಯಿಯ ಬಾಗಿಲು ತಟ್ಟಿದಳಂತೆ, ಮುದುಕಿ ತೆಗೆಯಲಿಲ್ಲ. ಬ್ರೆಡ್ಡಕ್ಕ ವಯಸ್ಸಾದ ಕಾಲಕ್ಕೆ ಗಾಡಿ ಓಡಿಸುವುದು ಕಲಿತಳು. ಟ್ಯಾಕ್ಸಿಯವನೇ ಗುರು. "ಬ್ರೇಕು, ಅಕ್ಕಾ, ಬ್ರೇಕು! ಅದು ಹಾರನ್!" ಎಂದು ಅವನು ಅರಚುವುದು ಬೀದಿಗೆಲ್ಲ ಕೇಳುತ್ತಿತ್ತು.

ವರ್ಷ ಕಳೆದಿರಬೇಕು. ಒಂದು ಮಧ್ಯಾಹ್ನ ಮುದುಕಿ ಬೇಕರಿಯ ಮುಂದೆ ಬಂದು ನಿಂತಳು. ಗಾಜಿನ ಕಪಾಟಿನೊಳಗೆ ಬಗ್ಗಿ ಬಗ್ಗಿ ನೋಡಿ, ಯಾರ ಮುಖವನ್ನೂ ನೋಡದೆ ಕೇಳಿದಳು.

"ನನ್ನ ಮಗ ವಾರ ವಾರ ರಸ್ಕು ತರ್ತಿದ್ದ. ಯಾವುದು ಅದು?"

ಬ್ರೆಡ್ಡಕ್ಕ ಕೆಳಗಿನ ಡಬ್ಬಿ ತೆಗೆದಳು. "ಇದು. ಸ್ವಲ್ಪ ಜಾಸ್ತಿ ಕೆಂಪಾಗಿದ್ದನ್ನ ಆರಿಸಿ ಆರಿಸಿ ತಗೋತಿದ್ರು. ಅಮ್ಮನಿಗೆ ಸೀದ ವಾಸನೆ ಅಂದ್ರೆ ಪ್ರಾಣ ಅನ್ನೋರು."

"ನಂಗೆಲ್ಲಿ ಪ್ರಾಣ?" ಮುದುಕಿ ಡಬ್ಬಿಯಿಂದ ಒಂದು ರಸ್ಕು ಕೈಗೆತ್ತಿಕೊಂಡಳು. "ಸೀದಿದ್ದು ನಂಗೆ ಸೇರೋದೇ ಇಲ್ಲ. ಸಣ್ಣವನಿದ್ದಾಗ ಒಂದು ಸಲ ಅವನೇ ಒಲೆ ಮೇಲಿಟ್ಟು ಸೀಯಿಸಿದ್ದ. ಬೈಸ್ಕೋತಾನಲ್ಲ ಅಂತ, ನಂಗೆ ಸೀದಿದ್ದೇ ಇಷ್ಟ ಕಣೋ ಅಂದಿದ್ದೆ. ಅದನ್ನೇ ಹಿಡ್ಕೊಂಡುಬಿಟ್ಟ, ಹುಚ್ಚಪ್ಪ."

ಬ್ರೆಡ್ಡಕ್ಕ ಸ್ಟೂಲು ತಂದು ಹಾಕಿದಳು. ಮುದುಕಿ ಕೂತಳು. ಅವತ್ತು ಅವಳು ಮಗನ ಬಗ್ಗೆ ಮಾತಾಡಿದ್ದೇ ಮಾತಾಡಿದ್ದು. ಅವನ ನಡಿಗೆ, ಅವನ ಗೊರಕೆ, ನೋಡಿ ಬಂದ ಹೆಣ್ಣುಗಳನ್ನೆಲ್ಲ ಬೇಡ ಎಂದ ಅವನ ಹಟ. ಬ್ರೆಡ್ಡಕ್ಕನೂ ತನ್ನವನ ಮಾತು ತೆಗೆದಳು. ಗಿರಾಕಿಗಳು ಬಂದರು, ನಿಂತರು, ಕಾದರು.

ಈಗ ಮುದುಕಿ ವಾರಕ್ಕೊಮ್ಮೆಯಾದರೂ ಬರುತ್ತಾಳೆ. ಅಳಿಯನಿಗೆ ಗಲ್ಲಾಗಬೇಕಿತ್ತು ಎಂದು ಇವತ್ತಿಗೂ ಅನ್ನುತ್ತಾಳೆ, ಬ್ರೆಡ್ಡಕ್ಕ ಇವತ್ತಿಗೂ ಸುಮ್ಮನೆ ಕೇಳಿಸಿಕೊಳ್ಳುತ್ತಾಳೆ. ಆ ಮಾತು ಮುಗಿದ ಮೇಲೆ ಮುದುಕಿ ಸೆರಗಿನಲ್ಲಿ ಮುಖ ಒರೆಸಿಕೊಂಡು, ಏಳುವ ಹಾಗೆ ಮಾಡಿ, ಏಳದೆ, ಬೀದಿಯ ಬಸ್‌ಸ್ಟಾಪಿನ ಕಡೆ ನೋಡುತ್ತ, ಮಗಳ ಹೆಸರೆತ್ತದೆ ಕೇಳುತ್ತಾಳೆ.

"ಅವಳು ಫೋನ್ ಮಾಡಿದ್ಳಾ?"

"ಮಾಡಿದ್ಳು."

"ಊಟ ಗೀಟ ಸರಿಯಾಗಿ ಮಾಡ್ತಾಳಂತಾ?"

"ಮಾಡ್ತಾಳಂತೆ. ನೀವು ಹೇಗಿದೀರಿ ಅಂತ ಕೇಳಿದ್ಳು."

 ಮುದುಕಿ, ಮುಂದಿನ ಬಸ್ಸು ಬಂದು ನಿಂತು, ಜನ ಇಳಿದು, ಅದು ಹೊರಟುಹೋಗುವವರೆಗೂ ನೋಡುತ್ತ ಕೂತಿರುತ್ತಾಳೆ. ಆಮೇಲೆ ಮೊಣಕಾಲಿನ ಮೇಲೆ ಕೈಯೂರಿ ನಿಧಾನವಾಗಿ ಎದ್ದು ಮನೆಗೆ ಹೋಗುತ್ತಾಳೆ.